ಹೆಗಲಿಗೆ ಬಲ ಕೊಡುವ ರಬ್ಬರ್ ಪಟ್ಟಿ

(ಸಂಘದ ವಾರದ ಸಭೆಯಲ್ಲಿ ಓದಿ, ಮಾಡಿ ನೋಡಲಿಕ್ಕೆ)



ಬಾವಿಯಿಂದ ನೀರು ಸೇದುವುದು, ಹುಲ್ಲಿನ ಹೊರೆ ಹೊರುವುದು, ಗಂಟೆಗಟ್ಟಲೆ ಕುಳಿತು ಬೀಡಿ ಕಟ್ಟುವುದು, ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರುವುದು – ನಮ್ಮ ದುಡಿಮೆಯ ಭಾರವೆಲ್ಲ ಹೆಗಲಿನ ಮೇಲೆಯೇ ಬೀಳುತ್ತದೆ. ಹೆಗಲು ಹಿಡಿದುಕೊಂಡರೆ ಕೆಲಸ ನಿಲ್ಲುತ್ತದೆ. ಕೆಲಸ ನಿಂತರೆ ವಾರದ ಉಳಿತಾಯವೂ ಸಾಲದ ಕಂತೂ ತಪ್ಪುತ್ತವೆ. ಆದರೂ ತಲೆ ಬಾಚಲು ಕೈ ಮೇಲೆ ಏಳದ ದಿನದವರೆಗೆ ನಾವು ಹೆಗಲಿನ ಬಗ್ಗೆ ಯೋಚಿಸುವುದೇ ಇಲ್ಲ.

"ದಿನವಿಡೀ ದುಡಿಯುವ ನಮಗೆ ಮತ್ತೆ ವ್ಯಾಯಾಮ ಯಾಕೆ?" ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಉತ್ತರ ತಿಳಿಯಲು ಹೆಗಲಿನ ರಚನೆಯನ್ನು ಸ್ವಲ್ಪ ನೋಡೋಣ.

ಹೆಗಲು ಹೇಗಿದೆ?

ರಟ್ಟೆಯ ಎಲುಬಿನ ಮೇಲ್ತುದಿ ಚೆಂಡಿನ ಹಾಗೆ ದುಂಡಗಿದೆ. ಅದು ಕೂರುವ ಗುಳಿ ಆಳವಿಲ್ಲದ ತಟ್ಟೆಯಂತಿದೆ. ಆದ್ದರಿಂದಲೇ ಕೈಯನ್ನು ಎಲ್ಲ ದಿಕ್ಕಿಗೂ ತಿರುಗಿಸಬಹುದು. ಚೆಂಡು ಜಾರದಂತೆ ಮುಖ್ಯವಾಗಿ ಹಿಡಿದಿಡುವುದು ಸುತ್ತಲಿನ ನಾಲ್ಕು ಚಿಕ್ಕ ಸ್ನಾಯುಗಳು. ನಮ್ಮ ಹೆಚ್ಚಿನ ಕೆಲಸದಲ್ಲಿ ಕೈ ಮುಂದಕ್ಕೇ ಚಾಚಿರುತ್ತದೆ, ಬೆನ್ನು ಬಗ್ಗಿರುತ್ತದೆ. ಎದೆಯ ಕಡೆಯ ಸ್ನಾಯುಗಳು ಬಿಗಿಯುತ್ತವೆ. ಹಿಂಭಾಗದವುಗಳಿಗೆ ಸರಿಯಾದ ಕೆಲಸ ಸಿಗದೆ ಬಲ ಕುಂದುತ್ತದೆ. ಕೆಲಸ ಹೆಗಲನ್ನು ದಣಿಸುತ್ತದೆ, ಆದರೆ ಅದರ ಎಲ್ಲ ಕಡೆಗೂ ಬಲ ಕೊಡುವುದಿಲ್ಲ. ಈ ಕೊರತೆಯನ್ನು ರಬ್ಬರ್ ಪಟ್ಟಿ ತುಂಬುತ್ತದೆ.

ಪಟ್ಟಿ ಎಲ್ಲಿಂದ?

ಔಷಧಿ ಅಂಗಡಿ ಅಥವಾ ಕ್ರೀಡಾ ಸಾಮಗ್ರಿಗಳ ಅಂಗಡಿಯಲ್ಲಿ ವ್ಯಾಯಾಮದ ಪಟ್ಟಿ ಸಿಗುತ್ತದೆ. ಅದಿಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬ್ ಸಾಕು. ಗಾಳಿ ತುಂಬುವ ಮೂತಿಯ ಭಾಗ ಕತ್ತರಿಸಿ ತೆಗೆದು, ತೊಳೆದು ಒಣಗಿಸಿ. ಬಿರುಕು ಬಿಟ್ಟದ್ದು ಬೇಡ; ತುಂಡಾಗಿ ಕಣ್ಣಿಗೆ ಬಡಿದೀತು. ಟ್ಯೂಬ್ ಗಟ್ಟಿ ಎನಿಸಿದರೆ ಉದ್ದಕ್ಕೆ ಸೀಳಿ ಅಗಲ ಕಡಿಮೆ ಮಾಡಿ.

ಮಾಡುವ ಕ್ರಮ

1. ಹೊರಕ್ಕೆ ತೆರೆಯುವುದು: ನೆಟ್ಟಗೆ ನಿಂತು ಮೊಣಕೈಗಳನ್ನು ಪಕ್ಕೆಗೆ ಒತ್ತಿ ಮಡಚಿ. ಅಂಗೈ ಮೇಲ್ಮುಖವಾಗಿರಲಿ. ಎರಡೂ ಕೈಯಲ್ಲಿ ಪಟ್ಟಿ ಹಿಡಿದು ಮುಂಗೈಗಳನ್ನು ಮಾತ್ರ ಹೊರಕ್ಕೆ ತೆರೆಯಿರಿ. ಮೊಣಕೈ ಪಕ್ಕೆ ಬಿಡಬಾರದು.

2. ಒಳಕ್ಕೆ ಎಳೆಯುವುದು: ಪಟ್ಟಿಯನ್ನು ಮೊಣಕೈ ಎತ್ತರದಲ್ಲಿ ಗಟ್ಟಿ ಕಿಟಕಿಯ ಸರಳಿಗೆ ಕಟ್ಟಿ. ಕಿಟಕಿಗೆ ಪಕ್ಕವಾಗಿ ನಿಂತು, ಕಿಟಕಿಯ ಕಡೆಯ ಕೈಯಿಂದ ಹೊಟ್ಟೆಯ ಕಡೆಗೆ ಎಳೆಯಿರಿ. ನಂತರ ತಿರುಗಿ ನಿಂತು ಇನ್ನೊಂದು ಕೈ.

3. ಹಿಂದಕ್ಕೆ ಎಳೆಯುವುದು: ಕಿಟಕಿಗೆ ಮುಖ ಮಾಡಿ ಎರಡೂ ತುದಿ ಹಿಡಿದು ಮೊಣಕೈಗಳನ್ನು ಹಿಂದಕ್ಕೆ ತನ್ನಿ. ಬೆನ್ನಿನ ಎರಡು ಹಲಗೆ ಎಲುಬುಗಳು ಹತ್ತಿರ ಬರಬೇಕು. ಹೆಗಲು ಕಿವಿಯ ಕಡೆ ಏಳಬಾರದು.

ಎಳೆಯುವಾಗ ಎರಡು ಎಣಿಸಿ, ಬಿಡುವಾಗ ನಾಲ್ಕು ಎಣಿಸಿ. ಫಕ್ಕನೆ ಬಿಡಬೇಡಿ; ನಿಧಾನವಾಗಿ ಬಿಡುವಾಗಲೂ ಸ್ನಾಯು ಕೆಲಸ ಮಾಡುತ್ತಿರುತ್ತದೆ. ಉಸಿರು ಕಟ್ಟಬೇಡಿ. ಒಂದೊಂದನ್ನು 10 ಸಲ ಮಾಡಿ, ಸ್ವಲ್ಪ ವಿಶ್ರಾಂತಿ ಪಡೆದು ಇನ್ನೊಮ್ಮೆ 10 ಸಲ. ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. 15 ಸಲ ಸುಲಭವಾಗಿ ಆಗುವಾಗ ಪಟ್ಟಿಯನ್ನು ಗಿಡ್ಡ ಹಿಡಿಯಿರಿ, ಎಳೆತ ಗಟ್ಟಿಯಾಗುತ್ತದೆ. ಸಂಘದ ಉಳಿತಾಯದ ಹಾಗೆ ಇದು ಕೂಡ ಸ್ವಲ್ಪ ಸ್ವಲ್ಪವೇ ಕೂಡಿ ಬರುವಂಥದ್ದು. ಎರಡು ತಿಂಗಳಾದರೂ ಬಿಡದೆ ಮಾಡಿ.

ಎಚ್ಚರಿಕೆ

ಮರುದಿನ ಸ್ವಲ್ಪ ಮೈಕೈ ಹಿಡಿದಂತಾಗುವುದು ಸಹಜ. ಚುಚ್ಚಿದಂತೆ ನೋವು ಬಂದರೆ ನಿಲ್ಲಿಸಿ. ಬಿದ್ದು ಪೆಟ್ಟಾದವರು, ಕೈ ಎತ್ತಲಿಕ್ಕೇ ಆಗದವರು, ಬೆರಳು ಜೋಮು ಹಿಡಿಯುವವರು, ಸ್ತನದ ಶಸ್ತ್ರಚಿಕಿತ್ಸೆ ಆದವರು ಮೊದಲು ವೈದ್ಯರನ್ನು ಕಾಣಬೇಕು. 40 ದಾಟಿದ ಹೆಂಗಸರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಗಲು ಪೂರ್ತಿ ಬಿಗಿದುಕೊಳ್ಳುವ ತೊಂದರೆ ಹೆಚ್ಚು. ಅದಕ್ಕೆ ಚಿಕಿತ್ಸೆಯೇ ಬೇರೆ, ಬಲವಂತವಾಗಿ ಎಳೆಯಬಾರದು.

ಹೆಗಲು ನೋವಿನ ಜೊತೆಗೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಕಂಡರೆ ಅದು ಹೃದಯದ ತೊಂದರೆ ಇರಬಹುದು. ಎಣ್ಣೆ ತಿಕ್ಕುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ಸಂಘದಲ್ಲಿ ಚರ್ಚಿಸೋಣ

1. ನಮ್ಮಲ್ಲಿ ಎಷ್ಟು ಮಂದಿಗೆ ಹೆಗಲು ನೋವಿದೆ? ಯಾವ ಕೆಲಸ ಮಾಡುವಾಗ ಹೆಚ್ಚಾಗುತ್ತದೆ?
2. ಮನೆಯಲ್ಲಿ ಭಾರದ ಕೆಲಸವನ್ನು ಗಂಡಸರೂ ಬೆಳೆದ ಮಕ್ಕಳೂ ಹೇಗೆ ಹಂಚಿಕೊಳ್ಳಬಹುದು?
3. ಪ್ರಾರ್ಥನೆ, ಹಾಜರಿ ಆದ ಮೇಲೆ ಪ್ರತಿ ಸಭೆಯಲ್ಲಿ ಹತ್ತು ನಿಮಿಷ ಒಟ್ಟಿಗೆ ಈ ವ್ಯಾಯಾಮ ಮಾಡಬಹುದೇ? ನಿರ್ಣಯವನ್ನು ಪುಸ್ತಕದಲ್ಲಿ ಬರೆಯಿರಿ.