ಬಣ್ಣ ಕೊನೆಗೆ ಬಳಿ, ಮಗ

ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲಿನ ಹೊರೆ ಹೊತ್ತುಕೊಂಡು ವರ್ಷಗಟ್ಟಲೆ ನಿಂತಿದ್ದ ನಿನ್ನ ತಾತನ ಚೇತಕ್ ಸ್ಕೂಟರನ್ನು ನೀನು ಅಂಗಳಕ್ಕೆ ಎಳೆದು ತಂದೆ ಅಂತ ನಿಮ್ಮಮ್ಮ ಹೇಳಿದಳು. ಸಂತೋಷವಾಯಿತು. ಮಾರನೆಯ ದಿನವೇ ಕೊಳ್ಳೇಗಾಲಕ್ಕೆ ಹೋಗಿ ಎರಡು ಡಬ್ಬ ಸ್ಪ್ರೇ ಪೇಂಟ್ ತಂದಿದ್ದೀಯ, ಅದೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ, ಅಂತಲೂ ಹೇಳಿದಳು. ಆಗ ಕೂತು ಬರೆಯೋಣ ಅನ್ನಿಸಿತು. ಫೋನಿನಲ್ಲಿ ಹೇಳಿದರೆ ನೀನು ‘ಹೂಂ ಚಿಕ್ತಾತ, ಹೂಂ ಚಿಕ್ತಾತ’ ಅನ್ನುತ್ತೀಯ, ಫೋನು ಇಟ್ಟ ಮೇಲೆ ನಿನ್ನದೇ ದಾರಿ.

ಕಿತ್ತಳೆ ಬಣ್ಣದ ಮೇಲೆ ನನಗೇನೂ ಸಿಟ್ಟಿಲ್ಲ. ಯಾವಾಗ ಬಳಿಯುತ್ತೀಯ ಅನ್ನುವುದಷ್ಟೇ ತಕರಾರು. ಹಳೇ ಸ್ಕೂಟರಿಗೆ ಕೈ ಹಾಕಿದ ಹುಡುಗರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಮೊದಲು ಬಣ್ಣ, ಆಮೇಲೆ ಲೈಟು, ಹಾರನ್ನು, ಆಮೇಲೆ ಇಂಜಿನ್ನು, ನೆನಪಾದರೆ ಬ್ರೇಕು. ನೀನು ಇದನ್ನು ತಲೆಕೆಳಗು ಮಾಡು. ಬ್ರೇಕಿನಿಂದ ಹಿಡಿ, ಬಣ್ಣಕ್ಕೆ ಮುಗಿಸು. ನಮ್ಮದು ಏರು ಇಳಿತದ ಸೀಮೆ. ಇಲ್ಲಿ ಗಾಡಿ ಓಡದಿದ್ದರೆ ನಡೆದುಕೊಂಡು ಬರಬಹುದು, ನಿಲ್ಲದಿದ್ದರೆ ಕಷ್ಟ.

ಆ ಗಾಡಿಯನ್ನು ನಿನ್ನ ತಾತ, ಅಂದರೆ ನಮ್ಮಣ್ಣ, 1978ರಲ್ಲಿ ಬುಕ್ ಮಾಡಿದ್ದು, ಕೈಗೆ ಸಿಕ್ಕಿದ್ದು 1984ರಲ್ಲಿ. ಆರು ವರ್ಷ! ನಗಬೇಡ, ಹತ್ತು ವರ್ಷ ಕಾದವರೂ ಇದ್ದರು. ಬಜಾಜಿನವರು ಇಟಲಿಯ ಪಿಯಾಜಿಯೋ ಕಂಪನಿಯ ಪರವಾನಗಿ ಪಡೆದು ವೆಸ್ಪಾ ಮಾಡುತ್ತಿದ್ದರು. ಆ ಪರವಾನಗಿ 1971ರಲ್ಲಿ ಮುಗಿದ ಮೇಲೆ, 1972ರಲ್ಲಿ ತಮ್ಮದೇ ಹೆಸರಿನಲ್ಲಿ ಇದನ್ನು ತಂದರು. ರಾಣಾ ಪ್ರತಾಪನ ಕುದುರೆಯ ಹೆಸರು ಇಟ್ಟರು. 2009ರ ಹೊತ್ತಿಗೆ ಅವರು ಸ್ಕೂಟರ್ ಮಾಡುವುದನ್ನೇ ಬಿಟ್ಟರು. ಈಗ ಅದೇ ಹೆಸರಿನಲ್ಲಿ ಓಡಾಡುವುದು ಕರೆಂಟಿನ ಗಾಡಿ, ಅದಕ್ಕೂ ಇದಕ್ಕೂ ಹೆಸರಿನ ನೆಂಟಸ್ತನ ಅಷ್ಟೆ. ನಮ್ಮಣ್ಣ ಇದರ ಮೇಲೆ ರೇಷ್ಮೆ ಗೂಡಿನ ಮೂಟೆ ಕಟ್ಟಿಕೊಂಡು ಕೊಳ್ಳೇಗಾಲದ ಮಾರ್ಕೆಟ್ಟಿಗೆ ಹೋಗುತ್ತಿದ್ದ. ಕಾಲಿನ ಹತ್ತಿರ ಗ್ಯಾಸ್ ಸಿಲಿಂಡರು, ಹಿಂದೆ ಅತ್ತಿಗೆ, ಅತ್ತಿಗೆಯ ಮಡಿಲಲ್ಲಿ ನಿಮ್ಮಪ್ಪ.

ನೀನು ಹಿಂಭಾಗ ಕತ್ತರಿಸಿ ‘ಸ್ಟೈಲ್’ ಮಾಡಿಸಬೇಕು ಅಂತ ಇದ್ದೀಯಂತೆ. ಅದನ್ನು ಮಾತ್ರ ಮಾಡಬೇಡ. ಬೈಕಿಗಾದರೆ ಪೈಪಿನ ಫ್ರೇಮ್ ಇರುತ್ತದೆ, ಮೇಲಿನ ತಗಡು ಬರೀ ಅಂಗಿ ಇದ್ದ ಹಾಗೆ. ಚೇತಕ್ಕಿನಲ್ಲಿ ಒಳಗೆ ಬೇರೆ ಫ್ರೇಮೇ ಇಲ್ಲ. ಒತ್ತಿ ಬೆಸೆದ ಆ ತಗಡೇ ಮೂಳೆ, ಆ ತಗಡೇ ಚರ್ಮ. ಹಿಂಬದಿ ಕೊಯ್ದರೆ ಬೆನ್ನುಮೂಳೆಯನ್ನೇ ಕೊಯ್ದ ಹಾಗೆ. ಕೌದಳ್ಳಿ ಕಡೆಯ ಒಬ್ಬ ಹುಡುಗ ಹೀಗೆ ಕೊಯ್ಸಿ, ನಾಲ್ಕು ತಿಂಗಳಿಗೆ ನಡು ಬಾಗಿದ ಗಾಡಿಯನ್ನು ಗುಜರಿಗೆ ಹಾಕಿದ.

ಹಾಗಾಗಿ ಮೊದಲ ಕೆಲಸ ಕಾಲಿಡುವ ಹಲಗೆಯನ್ನು ನೋಡುವುದು. ಅದರ ಮೇಲಿನ ರಬ್ಬರ್ ಪಟ್ಟಿಗಳನ್ನೂ ಅಲ್ಯೂಮಿನಿಯಂ ಪಟ್ಟಿಗಳನ್ನೂ ಪೂರ್ತಿ ತೆಗೆ. ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಪಟ್ಟಿಯ ಅಡಿ ನೀರು ನಿಂತು ತಗಡನ್ನು ತಿಂದಿರುತ್ತದೆ. ಸ್ಕ್ರೂ ಡ್ರೈವರಿನ ಹಿಡಿಯಿಂದ ಅಂಗೈಯಗಲ ಜಾಗ ಬಿಟ್ಟು ಬಿಟ್ಟು ತಟ್ಟುತ್ತಾ ಹೋಗು. ಗಟ್ಟಿ ತಗಡು ಠಣ್ ಅನ್ನುತ್ತದೆ. ಕೊಳೆತದ್ದು ದಬ್ ಅಂತ ಹಳಸಿದ ಹಲಸಿನ ಕಾಯಿಯ ಸದ್ದು ಮಾಡುತ್ತದೆ. ಆ ಸದ್ದು ಬಂದಲ್ಲಿ ಬಳಪದಿಂದ ಗುರುತು ಹಾಕು. ಬ್ರೇಕ್ ಪೆಡಲ್ ಕೂತಿರುವ ಬಲಗಡೆ ವಿಶೇಷವಾಗಿ ನೋಡು, ನಿಮ್ಮ ತಾತ ಕೆಸರಿನ ಕಾಲಲ್ಲೇ ತುಳಿಯುತ್ತಿದ್ದ. ಗುರುತು ಮಾಡಿದ ಕಡೆ ಪುಟ್ಟಿ ಮೆತ್ತಿ ಮುಚ್ಚಬೇಡ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಸು, ಅದಕ್ಕೆ ಟಿಂಕರಿಂಗ್ ಬಲ್ಲವರೇ ಬೇಕು. ವೆಲ್ಡಿಂಗಿಗೆ ಕೊಡುವ ಮುಂಚೆ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ದೂರ ಇಡು. ಖಾಲಿ ಟ್ಯಾಂಕು ತಾನೇ ಅನ್ನಬೇಡ, ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನ ಆವಿಯೇ ಹೆಚ್ಚು ಅಪಾಯ.

ಬಿಚ್ಚಿದ ಟ್ಯಾಂಕಿನ ಒಳಗೆ ತುಕ್ಕು ಇದ್ದೇ ಇರುತ್ತದೆ. ದುಡ್ಡು ಕೊಟ್ಟು ಆ ದ್ರಾವಣ ಈ ದ್ರಾವಣ ತರಬೇಡ. ನಮ್ಮ ಮನೆಯಲ್ಲಿ ಹುಣಸೆಹಣ್ಣಿಗೆ ಬರವೇ? ಒಂದು ಸೇರು ಹಳೇ ಹುಣಸೆಹಣ್ಣು ಕಿವುಚಿ, ಸೋಸಿ, ಬಿಸಿ ಹುಳಿನೀರು ತುಂಬಿಸಿ ಎರಡು ದಿನ ಬಿಡು. ಹಿಡಿಯಷ್ಟು ಸಣ್ಣ ನಟ್ಟುಗಳನ್ನು ಹಾಕಿ ಕುಲುಕು, ನಟ್ಟು ಎಣಿಸಿ ಹಾಕು, ಎಣಿಸಿ ತೆಗೆ. ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ, ಕೂಡಲೇ ಒಳಗೆಲ್ಲ ಎಣ್ಣೆ ಸವರಿದ ಹಾಗೆ ಮಾಡು, ಇಲ್ಲದಿದ್ದರೆ ಮರುದಿನವೇ ಮತ್ತೆ ಕೆಂಪಾಗುತ್ತದೆ. ನಿಮ್ಮಜ್ಜಿ ಹಿತ್ತಾಳೆ ಪಾತ್ರೆ ಬೆಳಗುತ್ತಿದ್ದುದೂ ಇದೇ ಹುಳಿಯಿಂದ.

ಈಗ ಚಕ್ರ. ಇದನ್ನು ಎರಡು ಸಲ ಓದು. ಚೇತಕ್ಕಿನ ರಿಮ್ಮು ಎರಡು ಹೋಳು, ನಟ್ಟು ಹಾಕಿ ಒಟ್ಟಿಗೆ ಬಿಗಿದಿರುತ್ತಾರೆ. ಟ್ಯೂಬಿನಲ್ಲಿ ಗಾಳಿ ಇರುವಾಗ ಆ ನಟ್ಟುಗಳನ್ನು ಬಿಚ್ಚಿದರೆ ಹೋಳು ಸಿಡಿದು ಮುಖಕ್ಕೆ ಬಡಿಯುತ್ತದೆ. ಮೊದಲು ವಾಲ್ವಿನ ಸೂಜಿಯನ್ನೇ ಕಳಚಿ ಗಾಳಿ ಪೂರ್ತಿ ಬಿಡು, ಟೈರನ್ನು ತುಳಿದು ನೋಡು, ಆಮೇಲೆ ನಟ್ಟು ಮುಟ್ಟು. ಬ್ರೇಕ್ ಡ್ರಮ್ಮಿನ ಒಳಗಿನ ಧೂಳನ್ನು ಬಾಯಲ್ಲಿ ಊದಬೇಡ. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಪುಪ್ಪುಸಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಎಸೆದುಬಿಡು. ಲೈನರು ಎರಡೂ ಚಕ್ರಕ್ಕೆ ಹೊಸದೇ ಹಾಕು. ಮುಂದಿನ ಬ್ರೇಕಿನದು, ಕ್ಲಚ್ಚಿನದು, ಗೇರಿನ ಎರಡು, ಎಕ್ಸಲೇಟರಿನದು, ಹೀಗೆ ವೈರುಗಳೂ ಅಷ್ಟೆ. ಅವೆಲ್ಲ ಸೇರಿದರೂ ನಿನ್ನ ಮೊಬೈಲಿನ ಕವರಿನಷ್ಟೇ ದುಬಾರಿ.

ಬಿಡಿಭಾಗಗಳು ಈಗಲೂ ಸಿಗುತ್ತವೆ. ಕೊಳ್ಳೇಗಾಲದಲ್ಲಿ ಇಲ್ಲದ್ದು ಮೈಸೂರಿನಲ್ಲಿ, ಅಲ್ಲೂ ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಅಣ್ಣ ಮಾತ್ರ ಅಂದಿಯೂರು ದಾಟಿ ಈರೋಡಿಗೇ ಹೋಗುತ್ತಿದ್ದ. 1956ರವರೆಗೆ ನಮ್ಮ ಕೊಳ್ಳೇಗಾಲ ತಾಲ್ಲೂಕು ಇದ್ದದ್ದು ಕೊಯಮತ್ತೂರು ಜಿಲ್ಲೆಯಲ್ಲಿ, ಆ ರೂಢಿ ಅವನಿಗೆ ಬಿಟ್ಟಿರಲಿಲ್ಲ. ನಮ್ಮ ಮಾರ್ಟಳ್ಳಿಯಲ್ಲಿ ಗಾಡಿ ರಿಪೇರಿ ಆಗುವುದೂ ಅರ್ಧ ತಮಿಳು, ಅರ್ಧ ಕನ್ನಡದಲ್ಲಿ. ಎರಡರಲ್ಲೂ ಬೈಸಿಕೊಂಡು ಕಲಿ.

ಇಂಜಿನ್ನಿನ ವಿಷಯಕ್ಕೆ ಬರುತ್ತೇನೆ. ಇದು ಟೂ ಸ್ಟ್ರೋಕು, ಹೆಚ್ಚು ಕಡಿಮೆ 145 ಸಿ.ಸಿ. ನಿನ್ನ ಬೈಕಿನ ಹಾಗೆ ಇಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಂತಿರುವುದಿಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೆ ಗತಿ. ಲೀಟರಿಗೆ 20 ಮಿ.ಲೀ. ಟೂ ಟಿ ಆಯಿಲ್. ಆ ಎಣ್ಣೆ ಇಲ್ಲದ ಪೆಟ್ರೋಲು ಏನು ಮಾಡುತ್ತದೆ ಅಂತ ನಾನು ಕಲಿತದ್ದು ದೀಪಾವಳಿ ಜಾತ್ರೆಯ ದಿನ. ಅವಸರದಲ್ಲಿ ಪೆಟ್ರೋಲ್ ಹಾಕಿಸಿದೆ, ಎಣ್ಣೆ ಹಾಕಿಸುವುದನ್ನು ಮರೆತೆ, ತಪ್ಪು ನನ್ನದೇ. ತಾಳಬೆಟ್ಟದಿಂದ ಮಾದಪ್ಪನ ಬೆಟ್ಟ ಹತ್ತುತ್ತಿದ್ದೆ, ನಿನ್ನ ಚಿಕ್ಕಜ್ಜಿ ಹಿಂದೆ ಕೂತಿದ್ದಳು. ಒಂದು ತಿರುವಿನಲ್ಲಿ ಇಂಜಿನ್ನು ಕೀರ್ ಅಂದಿತು, ಹಿಂದಿನ ಚಕ್ರ ಕಟ್ಟಿ ಹಾಕಿದ ಹಾಗೆ ನಿಂತುಬಿಟ್ಟಿತು. ಏರಿನಲ್ಲಿ ನಿಧಾನ ಇದ್ದುದರಿಂದ ಬದುಕಿದೆವು. ಅವಳು ಮಾತೇ ಆಡದೆ ಇಳಿದು ಉಘೇ ಉಘೇ ಅನ್ನುತ್ತಿದ್ದ ಪರಿಸೆಯ ಜೊತೆ ನಡೆದು ಹೋದಳು. ಆಮೇಲೆ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ ಅರ್ಧ ಮಿ.ಮೀ. ದೊಡ್ಡ ಪಿಸ್ಟನ್ ಕೂರಿಸಬೇಕಾಯಿತು. ಅದಕ್ಕೇ ಹೇಳುತ್ತೇನೆ, ಎಡಗೈಯ ಎರಡು ಬೆರಳು ಯಾವಾಗಲೂ ಕ್ಲಚ್ಚಿನ ಮೇಲಿರಲಿ. ಇಂಜಿನ್ನು ಬಿಗಿಯುವ ಸದ್ದು ಬಂದ ಗಳಿಗೆಯೇ ಕ್ಲಚ್ಚು ಹಿಡಿದರೆ ಚಕ್ರ ಬಿಟ್ಟುಕೊಳ್ಳುತ್ತದೆ.

ಇಳಿಜಾರಿನಲ್ಲಿ ಇನ್ನೊಂದು ಮಾತು, ಇದನ್ನು ಬಯಲು ಸೀಮೆಯ ಮೆಕ್ಯಾನಿಕ್ಕುಗಳು ಹೇಳುವುದಿಲ್ಲ. ಗೇರಿನಲ್ಲಿಟ್ಟು, ಎಕ್ಸಲೇಟರು ಪೂರ್ತಿ ಬಿಟ್ಟು ಬೆಟ್ಟ ಇಳಿಯುತ್ತೀಯಲ್ಲ, ಆಗ ಪೆಟ್ರೋಲು ಹೆಚ್ಚು ಹೋಗುವುದಿಲ್ಲ, ಪೆಟ್ರೋಲಿನ ಜೊತೆ ಹೋಗಬೇಕಾದ ಎಣ್ಣೆಯೂ ಸಾಕಷ್ಟು ಹೋಗುವುದಿಲ್ಲ. ಇಂಜಿನ್ನು ಮಾತ್ರ ತಿರುಗುತ್ತಲೇ ಇರುತ್ತದೆ. ಆಗಾಗ ಒಂದು ಸಲ ಎಕ್ಸಲೇಟರು ತಿರುಗಿಸಿ ಬಿಡು.

ಉಳಿದದ್ದೆಲ್ಲ ಸುಲಭ. ಪಾಯಿಂಟಿನ ಸಂದು 0.4 ಮಿ.ಮೀ., ಪ್ಲಗ್ಗಿನದು 0.6. ಪ್ಲಗ್ಗು ಕಾಫಿಪುಡಿ ಬಣ್ಣಕ್ಕಿದ್ದರೆ ಇಂಜಿನ್ನು ನೆಮ್ಮದಿಯಲ್ಲಿದೆ, ಮಸಿಯಾಗಿದ್ದರೆ ಪೆಟ್ರೋಲು ಹೆಚ್ಚು ಕುಡಿಯುತ್ತಿದೆ, ಬೆಳ್ಳಗಿದ್ದರೆ ಕೂಡಲೇ ನಿಲ್ಲಿಸಿ ನೋಡು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ, ಅದು ಹಳೇ ರಬ್ಬರನ್ನು ಮೆದು ಮಾಡುತ್ತದೆ, ನೀರನ್ನೂ ಎಳೆಯುತ್ತದೆ. ಗಾಡಿ ನಾಲ್ಕು ದಿನ ನಿಲ್ಲುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ ಇಂಜಿನ್ನು ತಾನಾಗಿ ಆರುವವರೆಗೆ ಬಿಡು. ಎಲ್ಇಡಿ ದೀಪ ಸಾಲಾಗಿ ಹಾಕುವ ಆಸೆ ಬೇಡ. ನಮ್ಮದು 6 ವೋಲ್ಟಿನ ಗಾಡಿ, ಇಂಜಿನ್ನು ನಿಧಾನವಾದರೆ ಇರುವ ಹೆಡ್‌ಲೈಟೇ ಮಿಣುಕುತ್ತದೆ.

ಕಾಗದ ಪತ್ರವನ್ನೂ ಮರೆಯಬೇಡ. ಆರ್.ಸಿ. ಪುಸ್ತಕ ಅಣ್ಣನ ಟ್ರಂಕಿನಲ್ಲಿ ಇರಬೇಕು, ಮೂರು ಅಕ್ಷರದ ಹಳೇ ನಂಬರು. ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ, ಅದು ಮೈಸೂರು ಜಿಲ್ಲೆಯ ಕಾಲದ ನೋಂದಣಿ. 15 ವರ್ಷ ದಾಟಿದ ಗಾಡಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ವಾರಸುದಾರರ ಹೆಸರಿಗೂ ಮಾಡಿಸಬೇಕು. ಬಣ್ಣ ಬದಲಾಯಿಸಿದರೆ ಆರ್.ಸಿ.ಯಲ್ಲಿ ಬರೆಸಬೇಕು. ಕಂಪನಿ ಮಾಡಿದ ರೂಪ ಕೆಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ನಿನಗೆ ಆಸೆ ಹುಟ್ಟಿಸುವ ಒಂದು ನಿಯಮವೂ ಇದೆ. 2021ರಲ್ಲಿ ಬಂದದ್ದು. 50 ವರ್ಷ ದಾಟಿದ, ದೊಡ್ಡ ಮಾರ್ಪಾಡು ಮಾಡದೆ ಉಳಿಸಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಿ ‘ವಿಎ’ ಅಕ್ಷರದ ನಂಬರು ಕೊಡುತ್ತಾರೆ. ನಮ್ಮ ಚೇತಕ್ಕಿಗೆ 2034ಕ್ಕೆ ಐವತ್ತು ತುಂಬುತ್ತದೆ. ಕೊಯ್ದ ಗಾಡಿಗೆ ಆ ನಂಬರು ಸಿಗುವುದಿಲ್ಲ.

ಹಾಗಾದರೆ ನಿನ್ನದು ಅಂತ ಏನೂ ಮಾಡಬಾರದೇ ಅನ್ನುತ್ತೀಯ. ಮಾಡು. ಸೀಟಿಗೆ ನಿನಗೆ ಬೇಕಾದ ರೆಕ್ಸಿನ್ ಹೊಲಿಸು. ಹಿಂದೆ ಕ್ಯಾರಿಯರ್ ಹಾಕಿಸು. ಮಡ್‌ಫ್ಲ್ಯಾಪಿನ ಮೇಲೆ ಏನು ಬೇಕಾದರೂ ಬರೆಸು, ಹುಡುಗಿಯ ಹೆಸರೊಂದು ಬಿಟ್ಟು. ಕಳಚಿದರೆ ಕಳಚಬೇಕು, ಅಂಥದ್ದನ್ನೆಲ್ಲ ಮಾಡು.

ಕಿತ್ತಳೆ ಬಣ್ಣವನ್ನೂ ಬಳಿ, ಆದರೆ ಈಗಲ್ಲ. ನಮ್ಮ ಕಡೆ ಹಿಂಗಾರು ಮಳೆಯೇ ಜೋರು. ತೇವದ ಹವೆಯಲ್ಲಿ ಪೇಂಟ್ ಹೊಡೆದರೆ ಬೂದಿ ಬಳಿದ ಹಾಗೆ ಬೆಳ್ಳಗೆ ಮಂಕು ಕಟ್ಟುತ್ತದೆ. ಸಂಕ್ರಾಂತಿ ಕಳೆದು ಬಿಸಿಲು ಒಣಗಲಿ. ಅಷ್ಟರಲ್ಲಿ ತುಕ್ಕು ಉಜ್ಜು, ರೆಡ್ ಆಕ್ಸೈಡ್ ಹೊಡೆ, ವಾಟರ್ ಪೇಪರಿನಲ್ಲಿ ನಯ ಮಾಡು. ಕೊಟ್ಟಿಗೆಯಲ್ಲಿ ದನ ಕಟ್ಟಿರುವಾಗ ಸ್ಪ್ರೇ ಮಾಡಬೇಡ, ಥಿನ್ನರಿನ ಘಾಟು ಅವಕ್ಕೂ ಆಗುವುದಿಲ್ಲ, ನಿನಗೂ ಆಗುವುದಿಲ್ಲ. ಎಡಗಡೆ ಡಿಕ್ಕಿಯ ಮುಚ್ಚಳದ ಒಳಮೈಯನ್ನು ಮಾತ್ರ ಉಜ್ಜಬೇಡ. ಅಲ್ಲಿ ಅಣ್ಣ ಮೊಳೆಯಲ್ಲಿ ಗೀಚಿ ಪ್ರತಿ ಸಲದ ಪೆಟ್ರೋಲಿನ ಲೆಕ್ಕ ಬರೆದಿದ್ದಾನೆ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಟ್ಯಾಂಕು ಬಿಚ್ಚಿ ಹೊರಗಿಟ್ಟಿರು, ಹುಣಸೆಹಣ್ಣು ನೆನೆಸಿಡಲು ನಿಮ್ಮಮ್ಮನಿಗೆ ಹೇಳಿದ್ದೇನೆ.