ಗಂಡುಮಗುವಿಗೆ ಸುನ್ನತಿ ಅಗತ್ಯವೇ?

ಮಗಳ ಬಾಣಂತನಕ್ಕೆಂದು ಅಮೆರಿಕೆಗೆ ತೆರಳುವ ನಮ್ಮ ತಾಯಂದಿರಿಗೆ ಅಲ್ಲಿ ನಿರೀಕ್ಷಿಸದ ಪ್ರಶ್ನೆಯೊಂದು ಎದುರಾಗುವುದುಂಟು. ಗಂಡುಮಗು ಜನಿಸಿದರೆ, ಮನೆಗೆ ಕಳುಹಿಸುವ ಮುನ್ನವೇ ಸುನ್ನತಿ ಮಾಡಿಸುವಿರಾ ಎಂದು ಆಸ್ಪತ್ರೆಯವರು ವಿಚಾರಿಸುತ್ತಾರೆ. ಮುಸಲ್ಮಾನರಿಗೂ ಯೆಹೂದ್ಯರಿಗೂ ಅದು ಧರ್ಮಾಚರಣೆ. ಅಮೆರಿಕೆಯಲ್ಲಿ ಇತರರಲ್ಲಿಯೂ ರೂಢಿಯಾಗಿದೆ. ನಮ್ಮ ಮನೆಗಳಲ್ಲಿ ಆ ಸಂಪ್ರದಾಯವಿಲ್ಲ. ಆದ್ದರಿಂದ ನಾವು ಆರೋಗ್ಯದೃಷ್ಟಿಯಿಂದಲೇ ಆಲೋಚಿಸಬೇಕು.

ಅಮೆರಿಕೆಯ ಮಕ್ಕಳ ವೈದ್ಯರ ಅಕಾಡೆಮಿಯು 2012ರಲ್ಲಿ, ಇದರಿಂದಾಗುವ ಪ್ರಯೋಜನ ಅಪಾಯಕ್ಕಿಂತ ಹೆಚ್ಚೇ ಆದರೂ ಎಲ್ಲ ಶಿಶುಗಳಿಗೂ ಮಾಡಿಸಿರೆನ್ನುವಷ್ಟು ಹೆಚ್ಚಲ್ಲ, ತಂದೆತಾಯಿಗಳೇ ನಿರ್ಧರಿಸಲಿ ಎಂದಿತು. ಮೂತ್ರದ ಸೋಂಕು ಕಡಿಮೆಯಾಗುವುದು ನಿಜ. ಆದರೆ ಆರೋಗ್ಯವಂತ ಗಂಡುಶಿಶುಗಳಲ್ಲಿ ಮೊದಲ ವರ್ಷ ಆ ಸೋಂಕು ಬರುವುದು ನೂರಕ್ಕೆ ಒಬ್ಬರಿಗಷ್ಟೇ. ಬೇಡವೆಂದರೆ ಮಗುವಿಗೆ ಅನ್ಯಾಯವೆಸಗಿದೆವೆಂದು ಕೊರಗಬೇಕಾಗಿಲ್ಲ.

ಊರಿನಲ್ಲಿ ಇದೇ ಚಿಂತೆ ಬೇರೆ ದಾರಿಯಿಂದ ಬರುತ್ತದೆ. ಎಣ್ಣೆ ಹಚ್ಚಿ ನೀರೆರೆಯುವಾಗ ಕೂಸಿನ ಮುಂದೊಗಲು ಹಿಂದೆ ಸರಿಯದುದನ್ನು ಕಂಡು ಅಜ್ಜಿ ಗಾಬರಿಯಾಗುತ್ತಾರೆ; ಸಡಿಲವಾಗಲೆಂದು ದಿನವೂ ಎಳೆಯುತ್ತಾರೆ. ಪ್ರೀತಿಯಿಂದ ಮಾಡುವ ತಪ್ಪಿದು. ನವಜಾತ ಶಿಶುವಿನ ಮುಂದೊಗಲು ಶಿಶ್ನದ ತುದಿಗೆ ಅಂಟಿಕೊಂಡೇ ಇರುತ್ತದೆ. ಬೆಳೆದಂತೆ ಅದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ, ಕೆಲವರಲ್ಲಿ ಹದಿಹರೆಯದವರೆಗೂ ಕಾಯಬೇಕಾಗುತ್ತದೆ. ಬಲವಂತವಾಗಿ ಎಳೆದರೆ ತೊಗಲು ಸೀಳಿ, ಗಾಯ ಮಾಯುವಾಗ ಗಟ್ಟಿಯಾಗಿ, ಮುಂದೆ ನಿಜವಾಗಿಯೂ ಬಿಗಿಯಾಗಬಹುದು. ಆಗ ಇಲ್ಲದ ಶಸ್ತ್ರಕ್ರಿಯೆಯನ್ನು ನಾವೇ ಕರೆತಂದಂತೆ! ಹೊರಗಿನಿಂದ ನೀರಿನಲ್ಲಿ ತೊಳೆದರೆ ಸಾಕು.

ದೊಡ್ಡವನಾದ ಮೇಲೂ ಬಿಗಿತ ತೊಂದರೆ ಕೊಡುತ್ತಿದ್ದರೆ ವೈದ್ಯರು ಸ್ಟೀರಾಯ್ಡ್ ಮುಲಾಮನ್ನು ನಾಲ್ಕರಿಂದ ಎಂಟು ವಾರ ಹಚ್ಚಿಸುತ್ತಾರೆ. ಬಹುಪಾಲು ಮಕ್ಕಳಿಗೆ ಅಷ್ಟರಿಂದಲೇ ಗುಣವಾಗುತ್ತದೆ. ತುದಿಯಲ್ಲಿ ಬಿಳಿಯ ಗಟ್ಟಿ ಉಂಗುರ ಕಟ್ಟಿದ್ದರೆ ಅಥವಾ ಮತ್ತೆ ಮತ್ತೆ ಬಾವು, ಕೀವು ಆಗುತ್ತಿದ್ದರೆ ಮಾತು ಬೇರೆ. ಆಗ ವೈದ್ಯರು ಸುನ್ನತಿಯನ್ನೇ ಸೂಚಿಸಬಹುದು. ಅದು ನಮ್ಮವರ ಪದ್ಧತಿಯಲ್ಲವೆಂಬ ಸಂಕೋಚದಿಂದ ಮುಂದೂಡುವುದು ಸಲ್ಲದು. ಹಿಂದೆ ಸರಿದ ತೊಗಲು ಮುಂದಕ್ಕೆ ಬಾರದೆ ಊದಿಕೊಂಡರಂತೂ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಮಾಡಿಸಲು ನಿರ್ಧರಿಸಿದವರು ಎರಡು ವಿಷಯಗಳನ್ನು ಮೊದಲೇ ನೋಡಿಕೊಳ್ಳಬೇಕು. ತಾಯಿಯ ತವರಿನ ಗಂಡುಮಕ್ಕಳಲ್ಲಿ ಯಾರಿಗಾದರೂ ಗಾಯದ ರಕ್ತ ನಿಲ್ಲದ ಕಾಯಿಲೆಯಿದ್ದರೆ ವೈದ್ಯರಿಗೆ ತಿಳಿಸಬೇಕು. ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಭಾಗದಲ್ಲಿರುವ ಕೂಸಿಗೆ ಸುನ್ನತಿ ಮಾಡಿಸಬಾರದು. ಆ ದೋಷವನ್ನು ಸರಿಪಡಿಸುವ ಶಸ್ತ್ರಕ್ರಿಯೆಗೆ ಅದೇ ತೊಗಲು ಬೇಕಾಗಬಹುದು.