ಓಟಕ್ಕೆ ಮುನ್ನ ಶಾಂತಿ
ಅಜಿಲಿಟಿ (ನಾಯಿಗಳ ಅಡೆತಡೆ ಓಟ) ಅಂಕಣದ ಅಂಚಿನಲ್ಲಿ ನಿಮ್ಮ ಬಾರ್ಡರ್ ಕೋಲಿ ಬೊಗಳುತ್ತ, ಬೆಲ್ಟು ಜಗ್ಗುತ್ತ, ಗಿರಗಿರನೆ ಸುತ್ತುತ್ತಿದೆಯೇ? ಅದು ಹಟವಲ್ಲ. ಉದ್ವೇಗ ಮಿತಿಮೀರಿ, ನಿಮ್ಮ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುತ್ತಿಲ್ಲ. ದಯವಿಟ್ಟು ಗದರಬೇಡಿ, ಉದ್ವೇಗ ಇನ್ನಷ್ಟು ಏರುತ್ತದೆ. ದೂರ ಕರೆದೊಯ್ದು ಹುಲ್ಲಿನ ಮೇಲೆ ತಿನಿಸು ಚೆಲ್ಲಿ. ಮೂಸಿ ಹುಡುಕುತ್ತ ಹೆಚ್ಚಿನ ನಾಯಿಗಳು ತಣ್ಣಗಾಗುತ್ತವೆ. ತಿನಿಸನ್ನು ಕಣ್ಣೆತ್ತಿಯೂ ನೋಡದಿದ್ದರೆ, ಅಥವಾ ಬೆರಳಿಗೆ ಹಲ್ಲು ತಾಗುವಂತೆ ಕಸಿದುಕೊಂಡರೆ, ಇನ್ನೂ ದೂರ ಹೋಗಬೇಕೆಂದೇ ಅರ್ಥ.

ಆಟಿಕೆ ಎಳೆದಾಟ ಬಿಡಬೇಕಿಲ್ಲ. ಸ್ವಲ್ಪ ಎಳೆದಾಡಿ, ‘ಬಿಡು’ ಅನ್ನಿ. ಬಿಟ್ಟು ಕೂತೊಡನೆ ಮತ್ತೆ ಆಟ ಕೊಡಿ. ಏರಿದ ಹುರುಪು ಇಳಿಸಿಕೊಳ್ಳುವುದನ್ನು ಮನೆಯಂಗಳದಲ್ಲೇ ಕಲಿಯಲಿ. ನೀವು ಹೇಳುವ ಮೊದಲೇ ಆರಂಭದ ಗೆರೆಯಿಂದ ನೆಗೆದರೆ ಓಟ ನಿಲ್ಲಿಸಿ, ಸದ್ದಿಲ್ಲದೆ ಹಿಂದಕ್ಕೆ ಕರೆತನ್ನಿ. ಇಂಥ ನಾಯಿಗೆ ಓಟವೇ ಬಹುಮಾನ. ಅದನ್ನು ಕಾಯುವಿಕೆಗೆ ಮಾತ್ರ ಕೊಡಿ.